ಮಸುಕು ಗಾಜಿನಂಥ ಕಲೆ

1933ರ ಏಪ್ರಿಲ್ 5ರಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶಸ್ತ್ರವೈದ್ಯ ಇವಾರ್ಟ್ಸ್ ಗ್ರಹಾಂ ಕ್ಯಾನ್ಸರ್ ತಗುಲಿದ ಶ್ವಾಸಕೋಶವೊಂದನ್ನು ಇಡಿಯಾಗಿ, ಒಂದೇ ಸಲಕ್ಕೆ ತೆಗೆದುಹಾಕಿದರು. ರೋಗಿಯೂ ವೈದ್ಯರೇ. ಆಮೇಲೆ ಅವರು ಸುಮಾರು ಮೂವತ್ತು ವರ್ಷ ಬದುಕಿದರು. ಗ್ರಹಾಂ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅಂದಿನ ಎಕ್ಸ್‌ರೇ ಹಾಳೆಯಲ್ಲಿ ಬಿಳಿಯ ನೆರಳು ಎಲ್ಲಿದೆ, ಎಷ್ಟಿದೆ ಎನ್ನುವುದು ಕಾಣುತ್ತಿತ್ತು. ಮುಂದೆ ಅದು ಏನು ಮಾಡೀತು ಎಂಬುದು ಕಾಣುತ್ತಿರಲಿಲ್ಲ.

1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಿತು. ಮುಂದೆ ಎದೆಯನ್ನು ತೆಳು ಪದರಗಳಲ್ಲಿ ನೋಡುವ ಯಂತ್ರಗಳು ಬಂದಾಗ ಹೊಸ ಬಗೆಯ ಕಲೆಯೊಂದು ವೈದ್ಯರ ಕಣ್ಣಿಗೆ ಬಿತ್ತು. ಬಚ್ಚಲುಮನೆ ಕಿಟಕಿಯ ಮಸುಕು ಗಾಜಿನ ಹಾಗೆ ಅದು ಮಬ್ಬು. ಅದರೊಳಗೆ ಹಾದುಹೋಗುವ ರಕ್ತನಾಳಗಳ ಗೆರೆ ಅಳಿಸಿರುವುದಿಲ್ಲ. ಕ್ಯಾನ್ಸರ್ ಕೋಶಗಳು ಗಾಳಿಗೂಡುಗಳ ಗೋಡೆಗುಂಟ ಹಬ್ಬಿದ್ದರೂ ಒಳಗೆ ಇನ್ನೂ ಗಾಳಿಯಿದ್ದಾಗ ಹೀಗೆ ಕಾಣುತ್ತದೆ. ಕೆಲವು ಕಲೆಗಳ ನಡುವೆ ಗಟ್ಟಿಯಾದ ಬಿಳಿ ತಿರುಳಿರುತ್ತದೆ. ಅಂಜಬೇಕಾದ್ದು ಆ ತಿರುಳಿಗೆ.

1995ರಲ್ಲಿ ಸಣ್ಣ ಗಡ್ಡೆಗಳ ಬಗ್ಗೆ ಎರಡು ವರದಿಗಳು ಬಂದವು. ಸಣ್ಣ ಗಡ್ಡೆಯಾದರೂ ಶ್ವಾಸಕೋಶದ ಆ ಹಾಲೆಯನ್ನೇ ಪೂರ್ತಿ ತೆಗೆಯಬೇಕು, ಕಡಿಮೆ ಕತ್ತರಿಸಿದರೆ ರೋಗ ಅಲ್ಲೇ ಮರಳುವುದು ಹೆಚ್ಚು ಎಂದಿತು ಉತ್ತರ ಅಮೆರಿಕದ ಪ್ರಯೋಗ. ಟೋಕಿಯೋದಲ್ಲಿ ನೊಗುಚಿ ಮತ್ತು ಸಂಗಡಿಗರು 236 ಪುಟ್ಟ ಗಡ್ಡೆಗಳನ್ನು ಸೂಕ್ಷ್ಮದರ್ಶಕದಡಿ ವಿಂಗಡಿಸಿದ್ದರು. ಗೋಡೆಗುಂಟ ಹಬ್ಬುವ ಬಗೆಯ 28 ಗಡ್ಡೆಗಳಲ್ಲಿ ಐದು ವರ್ಷದ ಬದುಕುಳಿವು ನೂರಕ್ಕೆ ನೂರು!

ಹಾಗಾದರೆ ಕತ್ತರಿ ಹಿಡಿಯುವ ಮೊದಲೇ ಅಂಥವನ್ನು ಗುರುತಿಸುವುದು ಹೇಗೆ? ಜಪಾನಿನ ವೈದ್ಯರು ತಿರುಳಿನ ಅಗಲವನ್ನು ಇಡೀ ಕಲೆಯ ಅಗಲದಿಂದ ಭಾಗಿಸಿದರು. 16 ಮಿ.ಮೀ. ಕಲೆಯಲ್ಲಿ 4 ಮಿ.ಮೀ. ತಿರುಳಿದ್ದರೆ ಲೆಕ್ಕ 0.25. ಕಲೆ 2 ಸೆಂ.ಮೀ. ಮೀರದೆ, ಲೆಕ್ಕ 0.25 ದಾಟದಿದ್ದರೆ ಕ್ಯಾನ್ಸರ್ ಒಳನುಗ್ಗಿರುವುದು ಅಪರೂಪ ಎಂದು 2011ರ ವರದಿ ತೋರಿಸಿತು. ಇಂಥ 333 ಮಂದಿಯನ್ನು ಸೇರಿಸಿಕೊಂಡು, ಹಾಲೆ ಉಳಿಸಿ ಶಸ್ತ್ರಚಿಕಿತ್ಸೆ ಮಾಡಿದ ಮುಂದಿನ ಪ್ರಯೋಗದಲ್ಲಿ, ರೋಗ ಮರಳದೆ ಐದು ವರ್ಷ ಕಳೆದವರು ಶೇ. 99.7. ಒಂದು ಅಳತೆಪಟ್ಟಿ, ಒಂದು ಭಾಗಾಕಾರ. ಅಷ್ಟರಿಂದ ಎಷ್ಟೋ ಜನರ ಉಸಿರು ಉಳಿದಿದೆ.

2014ರಲ್ಲಿ ಕಂಪ್ಯೂಟರಿನ ಸರದಿ. ಹಾಲೆಂಡ್ ಮತ್ತು ಅಮೆರಿಕದ ತಂಡವೊಂದು 1,019 ರೋಗಿಗಳ ಸ್ಕ್ಯಾನ್‌ಗಳಿಂದ 440 ಲಕ್ಷಣಗಳನ್ನು ಹೆಕ್ಕಿ, ಯಾರು ಎಷ್ಟು ಕಾಲ ಬದುಕಿಯಾರು ಎಂದು ಅಂದಾಜಿಸಿತು. 2019ರಲ್ಲಿ ಅದನ್ನು ಮತ್ತೆ ಪರೀಕ್ಷಿಸಿದಾಗ, ಆ ಅಂದಾಜಿನ ಬಹುಪಾಲು ಬಲ ಗಡ್ಡೆಯ ಗಾತ್ರದಿಂದಲೇ ಬಂದದ್ದೆಂದು ತಿಳಿಯಿತು. ಗಾತ್ರವನ್ನು ಬದಿಗಿಟ್ಟ ಮೇಲೂ ಉಳಿಯುವ ಸುಳಿವಿಗಾಗಿ ಈಗ ಹುಡುಕಾಟ ನಡೆದಿದೆ.