ಮುಂಬರುವ ರಾಜ್ಯ ಆಯವ್ಯಯಕ್ಕೆ ವ್ಯಾಪಾರ ಮತ್ತು ಉದ್ದಿಮೆಗಳ ಬೇಡಿಕೆ: ಬಿಳಿಗೆರೆ ಭಾಗದ ಅರ್ಜಿದಾರರಿಗೆ ಮಾಹಿತಿ

ರಾಜ್ಯದ ವಾರ್ಷಿಕ ಆಯವ್ಯಯವು ಸಂವಿಧಾನದ 202ನೇ ಅನುಚ್ಛೇದದನ್ವಯ ವಿಧಾನಮಂಡಲದಲ್ಲಿ ಮಂಡನೆಯಾಗುತ್ತದೆ. ಆರ್ಥಿಕ ವರ್ಷವು ಏಪ್ರಿಲ್ 1ರಿಂದ ಆರಂಭವಾಗುವುದರಿಂದ ಮಂಡನೆಯು ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್ ತಿಂಗಳಿನಲ್ಲಿ ನಡೆಯುತ್ತದೆ. ಆದರೆ ಇಲಾಖೆಗಳ ಅಂದಾಜುಗಳು ಅದಕ್ಕೆ ಹಲವು ವಾರಗಳ ಮೊದಲೇ ಆರ್ಥಿಕ ಇಲಾಖೆಯನ್ನು ತಲುಪಿರುತ್ತವೆ. ಮಂಡನೆಯ ಹಿಂದಿನ ವಾರದಲ್ಲಿ ಸಲ್ಲಿಸುವ ಮನವಿಯಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ.

ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹಾಗೂ ನೆರೆಯ ತಿ. ನರಸೀಪುರ ಭಾಗದ ವರ್ತಕರು, ಗಿರಣಿ ಮಾಲೀಕರು ಮತ್ತು ಸಣ್ಣ ಉದ್ದಿಮೆದಾರರು ಮನವಿ ಸಿದ್ಧಪಡಿಸುವ ಮೊದಲು, ಕೋರಿಕೆಯು ಆಯವ್ಯಯದ ವ್ಯಾಪ್ತಿಗೆ ಒಳಪಡುವುದೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ. ಅನೇಕ ನ್ಯಾಯಯುತ ಬೇಡಿಕೆಗಳು ತಪ್ಪು ಕಚೇರಿಗೆ ಸಲ್ಲಿಕೆಯಾದ ಕಾರಣದಿಂದಲೇ ಒಂದು ವರ್ಷ ಹಿಂದುಳಿಯುತ್ತವೆ.

ಉದಾಹರಣೆಗೆ, ಅಕ್ಕಿಯನ್ನು 25 ಕಿಲೋಗ್ರಾಂವರೆಗಿನ ಚೀಲಗಳಲ್ಲಿ ಮುದ್ರಿತ ವಿವರಗಳೊಂದಿಗೆ ಮಾರುವ ಗಿರಣಿಗೆ 2022ರ ಜುಲೈ 18ರಿಂದ ಶೇ. 5ರ ಸರಕು ಮತ್ತು ಸೇವಾ ತೆರಿಗೆ ಅನ್ವಯವಾಯಿತು. ಈ ತೆರಿಗೆಯ ದರಗಳು ಕೇಂದ್ರ ಹಾಗೂ ಎಲ್ಲ ರಾಜ್ಯಗಳ ಪ್ರತಿನಿಧಿಗಳಿರುವ ಜಿಎಸ್‌ಟಿ ಮಂಡಳಿಯ ಶಿಫಾರಸಿನಂತೆ ನಿಗದಿಯಾಗುತ್ತವೆ. ರಾಜ್ಯ ಆಯವ್ಯಯದಲ್ಲಿ ಅದನ್ನು ಇಳಿಸಲು ಅವಕಾಶವಿಲ್ಲ. ಹೆಚ್ಚೆಂದರೆ ಮಂಡಳಿಯಲ್ಲಿ ವಿಷಯವನ್ನು ಮಂಡಿಸುವಂತೆ ರಾಜ್ಯವನ್ನು ಕೋರಬಹುದು.

ವಿದ್ಯುತ್ ದರದ ವಿಷಯವೂ ಹೀಗೆಯೇ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ದರಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿರ್ಧರಿಸುತ್ತದೆ; ಅದಕ್ಕೂ ಮುನ್ನ ಗ್ರಾಹಕರ ಆಕ್ಷೇಪಣೆಗಳನ್ನು ಆಹ್ವಾನಿಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ವಿದ್ಯುತ್ ಬಳಕೆಯ ಮೇಲಿನ ತೆರಿಗೆ ಮಾತ್ರ ರಾಜ್ಯದ 1959ರ ಅಧಿನಿಯಮಕ್ಕೆ ಒಳಪಟ್ಟಿದೆ. ಬಿಲ್ಲಿನಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ನಮೂದಿಸಲಾಗಿರುತ್ತದೆ.

ಡೀಸೆಲ್ ಮೇಲಿನ ಮಾರಾಟ ತೆರಿಗೆ, ಮೋಟಾರು ವಾಹನ ತೆರಿಗೆ, ಮುದ್ರಾಂಕ ಶುಲ್ಕ ಮತ್ತು ವೃತ್ತಿ ತೆರಿಗೆಗಳು ರಾಜ್ಯದ ಅಧಿಕಾರಕ್ಕೆ ಸೇರಿವೆ. ಆದರೂ ಇವೆಲ್ಲವೂ ಆಯವ್ಯಯದ ದಿನಕ್ಕೇ ಕಾಯುತ್ತವೆಂದು ಭಾವಿಸಬಾರದು. 2025–26ನೇ ಸಾಲಿನ ಆಯವ್ಯಯವು 2025ರ ಮಾರ್ಚ್ 7ರಂದು ಮಂಡನೆಯಾಯಿತು. ಡೀಸೆಲ್ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದ ಆದೇಶವು ಏಪ್ರಿಲ್ 1ರಿಂದ ಪ್ರತ್ಯೇಕವಾಗಿ ಜಾರಿಗೆ ಬಂದಿತು. ಸರಕು ಸಾಗಣೆಯನ್ನೇ ಅವಲಂಬಿಸಿದವರಿಗೆ ಇದರ ಪರಿಣಾಮ ಅಲ್ಪವಲ್ಲ.

ಕೈಗಾರಿಕಾ ಪ್ರದೇಶಗಳ ಮೂಲಸೌಕರ್ಯ, ಸಣ್ಣ ಘಟಕಗಳಿಗೆ ಸಹಾಯಧನ, ರೇಷ್ಮೆ ಕ್ಷೇತ್ರಕ್ಕೆ ನೆರವು ಮತ್ತು ರಸ್ತೆಗಳು ನಿಜವಾಗಿ ಆಯವ್ಯಯದ ವಿಷಯಗಳು. ರಸ್ತೆಯ ಬಗ್ಗೆ ಕೋರುವವರು ಮೊದಲು ಅದರ ವರ್ಗವನ್ನು ತಿಳಿಯತಕ್ಕದ್ದು: ರಾಜ್ಯ ಹೆದ್ದಾರಿ ಹಾಗೂ ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿದ್ದರೆ, ಗ್ರಾಮೀಣ ರಸ್ತೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿವೆ. ಜಿಲ್ಲಾ ಪಂಚಾಯಿತಿಗಳಿಗೆ ಹಂಚಿಕೆಯಾದ ಅನುದಾನವನ್ನು ಆಯವ್ಯಯದೊಂದಿಗೆ ಪ್ರಕಟವಾಗುವ ಲಿಂಕ್ ದಾಖಲೆಯಲ್ಲಿ ನೋಡಬಹುದು.

ಘೋಷಣೆಗೂ ಅನುದಾನಕ್ಕೂ ವ್ಯತ್ಯಾಸವಿದೆ. 2025–26ರ ಭಾಷಣದಲ್ಲಿ ಮೈಸೂರಿನ ಚಿತ್ರನಗರಿಗೆ 500 ಕೋಟಿ ರೂಪಾಯಿಗಳನ್ನು ಉಲ್ಲೇಖಿಸಲಾಗಿತ್ತು. ಅದಕ್ಕೆ ಗುರುತಿಸಿದ 150 ಎಕರೆ ಜಮೀನು ನಂಜನಗೂಡು ತಾಲ್ಲೂಕಿನ ಹಿಮ್ಮಾವಿನಲ್ಲಿದೆ. ಖಾಸಗಿ ಸಹಭಾಗಿತ್ವದ ಯೋಜನೆಯಾದುದರಿಂದ ಪೂರ್ಣ ಮೊತ್ತವು ಅದೇ ವರ್ಷದ ಸರ್ಕಾರಿ ವೆಚ್ಚವೆಂದು ಅರ್ಥೈಸಲಾಗದು.

ಮನವಿಗಳನ್ನು ಮೈಸೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರಿಗೆ, ಸಂಬಂಧಿಸಿದ ಇಲಾಖೆಗೆ ಅಥವಾ ಕ್ಷೇತ್ರದ ಶಾಸಕರಿಗೆ ಸಲ್ಲಿಸಬಹುದು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯಾಗಿ ಆರಂಭವಾದ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯೂ ಆಯವ್ಯಯ ಪೂರ್ವದಲ್ಲಿ ಸರ್ಕಾರಕ್ಕೆ ಮನವಿ ಸಲ್ಲಿಸುತ್ತದೆ. ಒಬ್ಬೊಬ್ಬರಾಗಿ ಬರೆಯುವುದಕ್ಕಿಂತ ಸಂಘದ ಮುಖಾಂತರ ಹೋಗುವುದು ಲೇಸು. ಒಂದು ಮನವಿಯಲ್ಲಿ ಒಂದೇ ವಿಷಯವಿರಲಿ. ಸ್ಥಳ, ಪ್ರಯೋಜನ ಪಡೆಯುವ ಘಟಕಗಳ ಸಂಖ್ಯೆ ಮತ್ತು ಅಂದಾಜು ವೆಚ್ಚವನ್ನು ನಮೂದಿಸತಕ್ಕದ್ದು. ಹತ್ತು ವಿಷಯಗಳ ಮನವಿಯು ಕಚೇರಿಯಿಂದ ಕಚೇರಿಗೆ ವರ್ಗವಾಗುತ್ತಲೇ ಉಳಿಯುತ್ತದೆ.

ಸಲ್ಲಿಸಿದ ಮನವಿಗೆ ದಿನಾಂಕಸಹಿತ ಸ್ವೀಕೃತಿ ಪಡೆಯತಕ್ಕದ್ದು. ಕೈಗೊಂಡ ಕ್ರಮದ ವಿವರವನ್ನು ಮಾಹಿತಿ ಹಕ್ಕು ಅಧಿನಿಯಮ, 2005ರನ್ವಯ ಕೋರಿದಲ್ಲಿ, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ.