ಕನ್ನಡದ ಜನಪ್ರಿಯ ಪ್ರೇಮ ಕಾದಂಬರಿ

ಕನ್ನಡದ ಜನಪ್ರಿಯ ಪ್ರೇಮ ಕಾದಂಬರಿಯು ಪ್ರೀತಿ, ವಿವಾಹ ಮತ್ತು ಕುಟುಂಬ ಜೀವನವನ್ನು ಮುಖ್ಯ ವಸ್ತುವನ್ನಾಗಿ ಉಳ್ಳ, ಸಾಮಾನ್ಯ ಓದುಗರಿಗಾಗಿ ರಚಿತವಾದ ಕಾದಂಬರಿ ಪ್ರಕಾರವಾಗಿದೆ. ಪ್ರಕಾಶಕರು ಮತ್ತು ಗ್ರಂಥಾಲಯಗಳು ಇದನ್ನು ಸಾಮಾನ್ಯವಾಗಿ ‘ಸಾಮಾಜಿಕ ಕಾದಂಬರಿ’ ಎಂಬ ಹೆಸರಿನಲ್ಲಿಯೇ ಗುರುತಿಸುತ್ತವೆ. ಇಂಗ್ಲಿಷಿನಲ್ಲಿ ಹದಿಹರೆಯದವರಿಗೆಂದೇ ಪ್ರತ್ಯೇಕವಾದ ಸಾಹಿತ್ಯ ವರ್ಗವೊಂದು ಬೆಳೆದಿದೆ. ಕನ್ನಡದಲ್ಲಿ ಅಂತಹ ವರ್ಗವು ದೃಢವಾಗಿ ರೂಪುಗೊಳ್ಳಲಿಲ್ಲ. ಮಕ್ಕಳ ಕಥೆಗಳನ್ನು ಓದಿ ಮುಗಿಸಿದವರು ನೇರವಾಗಿ ಸಾಮಾಜಿಕ ಕಾದಂಬರಿಗಳಿಗೆ ಬರುತ್ತಿದ್ದರು. ಆದ್ದರಿಂದ ತರುಣರ ಓದಿನ ಇತಿಹಾಸದಲ್ಲಿ ಈ ಪ್ರಕಾರಕ್ಕೆ ವಿಶೇಷ ಸ್ಥಾನವಿದೆ. ಬೀಳಗಿಯಲ್ಲಿ ಜನಿಸಿದ ಕೃಷ್ಣಮೂರ್ತಿ ಪುರಾಣಿಕ (1911–1985) ಈ ಪ್ರಕಾರದ ಪ್ರಮುಖ ಲೇಖಕರಲ್ಲಿ ಒಬ್ಬರು.

ಹಿನ್ನೆಲೆ

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಪರಿಗಣಿತವಾಗಿರುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಪ್ರಕಟವಾಯಿತು. ಎಳೆಯ ವಿಧವೆಯೊಬ್ಬಳು ವಿದ್ಯಾಭ್ಯಾಸ ಪಡೆದು ಮರುಮದುವೆಯಾಗುವುದು ಅದರ ವಸ್ತು. ತರುಣಿಯ ಬಾಳು ಯಾರ ಇಚ್ಛೆಯಂತೆ ನಡೆಯಬೇಕು ಎಂಬ ಪ್ರಶ್ನೆ ಹೀಗೆ ಕನ್ನಡ ಸಾಮಾಜಿಕ ಕಾದಂಬರಿಯ ಜೊತೆಯಲ್ಲಿಯೇ ಹುಟ್ಟಿತು. ಕಾದಂಬರಿ ಓದುವ ಅಭ್ಯಾಸವನ್ನು ಜನರಲ್ಲಿ ಬೆಳೆಸಿದವರಲ್ಲಿ ಬಂಗಾಳಿ ಕೃತಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯ ಮತ್ತು ಉತ್ತರ ಕರ್ನಾಟಕದ ಗಳಗನಾಥ (ವೆಂಕಟೇಶ ತಿರಕೊ ಕುಲಕರ್ಣಿ) ಮುಖ್ಯರಾದವರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರೆಂದು ಪ್ರಸಿದ್ಧರು.

ಏಕೀಕರಣಕ್ಕೆ ಮೊದಲು ಬೀಳಗಿಯು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು. ನೆರೆಯ ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನಗಳಾಗಿದ್ದವು. ಈ ಭಾಗದಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿದ್ದು, ಅಕ್ಷರಸ್ಥ ಮನೆತನಗಳಲ್ಲಿ ನಾ. ಸೀ. ಫಡಕೆ, ವಿ. ಸ. ಖಾಂಡೇಕರ ಮೊದಲಾದವರ ಮರಾಠಿ ಕಾದಂಬರಿಗಳು ಪರಿಚಿತವಾಗಿದ್ದವು. ಇಂತಹ ಪ್ರದೇಶದಲ್ಲಿ ಮನೆಮಂದಿಯೆಲ್ಲ ಓದಬಹುದಾದ ಕನ್ನಡ ಕಥೆಗಳನ್ನು ಒದಗಿಸುವುದು ಭಾಷೆಯನ್ನು ಉಳಿಸಿಕೊಳ್ಳುವ ಕೆಲಸವೂ ಆಗಿತ್ತು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಮೂಲಕ ಪುಸ್ತಕಗಳನ್ನು ಮನೆಗೇ ತಲುಪಿಸಿತು.

ಕೃಷ್ಣಮೂರ್ತಿ ಪುರಾಣಿಕ

ಪುರಾಣಿಕರು ವೃತ್ತಿಯಿಂದ ಶಿಕ್ಷಕರು. ಗೋಕಾಕದಲ್ಲಿ ಅಧ್ಯಾಪಕರಾಗಿದ್ದು ಕಾದಂಬರಿ, ಸಣ್ಣಕಥೆಗಳನ್ನು ಬರೆದರು. ‘ಧರ್ಮದೇವತೆ’, ‘ಕುಲವಧು’, ‘ಮುಗಿಲ ಮಲ್ಲಿಗೆ’, ‘ಮೌನಗೌರಿ’ ಅವರ ಹೆಸರಾದ ಕಾದಂಬರಿಗಳು. ಮಧ್ಯಮ ವರ್ಗದ ಮನೆ, ಅತ್ತೆ–ಸೊಸೆ, ಅಣ್ಣ–ತಮ್ಮಂದಿರ ಸಂಬಂಧ ಮತ್ತು ಗಂಡು–ಹೆಣ್ಣಿನ ಅನುರಾಗ ಅವರ ಕಥಾಲೋಕದ ಕೇಂದ್ರ. ಪ್ರೀತಿಯನ್ನು ಕುಟುಂಬದಿಂದ ಬೇರ್ಪಡಿಸದೆ ಚಿತ್ರಿಸಿದ್ದರಿಂದ ಹಿರಿಯರೂ ಕಿರಿಯರೂ ಒಂದೇ ಪುಸ್ತಕವನ್ನು ಓದುವುದು ಸಾಧ್ಯವಾಯಿತು.

ಅವರ ‘ಧರ್ಮದೇವತೆ’ಯನ್ನು ಆಧರಿಸಿ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಚಲನಚಿತ್ರ ತೆರೆಕಂಡಿತು. ಕನ್ನಡ ಕಾದಂಬರಿಗಳನ್ನು ಆಧರಿಸಿದ ಆರಂಭಕಾಲದ ಚಿತ್ರಗಳಲ್ಲಿ ಇದು ಒಂದು. 1963ರಲ್ಲಿ ‘ಕುಲವಧು’ ಅದೇ ಹೆಸರಿನಲ್ಲಿ ಚಿತ್ರವಾಯಿತು. ದ. ರಾ. ಬೇಂದ್ರೆಯವರ ಯುಗಾದಿಯ ಕವಿತೆ ಈ ಚಿತ್ರದ ಮೂಲಕ ಮನೆಮಾತಾಯಿತು. ಸನಾದಿ ವಾದಕನೊಬ್ಬನ ಬಾಳನ್ನು ಕುರಿತ ಅವರ ಕಥೆಯಿಂದ 1977ರ ‘ಸನಾದಿ ಅಪ್ಪಣ್ಣ’ ರೂಪುಗೊಂಡಿತು. ರಾಜ್‌ಕುಮಾರ್ ನಾಯಕರಾಗಿದ್ದ ಈ ಚಿತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದ್ದಾರೆ. ಚಿತ್ರಗಳ ಯಶಸ್ಸು ಮೂಲ ಕೃತಿಗಳಿಗೆ ಹೊಸ ಓದುಗರನ್ನು ತಂದಿತು.

ಲೇಖಕಿಯರ ಕೊಡುಗೆ

1950ರ ದಶಕದಿಂದ ಲೇಖಕಿಯರು ಈ ಪ್ರಕಾರದ ದಿಕ್ಕನ್ನು ಬದಲಿಸಿದರು. ತ್ರಿವೇಣಿ (1928–1963) ಅವರು ಪ್ರೇಮಕಥೆಯೊಳಗೆ ಮನೋವಿಶ್ಲೇಷಣೆಯನ್ನು ತಂದರು. ಅವರ ‘ಬೆಳ್ಳಿಮೋಡ’ದಲ್ಲಿ ಆಸ್ತಿಗಾಗಿ ತನ್ನನ್ನು ಬಯಸಿ, ಅದು ಕೈತಪ್ಪಿದಾಗ ದೂರ ಸರಿದ ಮೋಹನನು ಮರಳಿ ಬಂದರೂ ಇಂದಿರೆ ಅವನನ್ನು ಒಪ್ಪುವುದಿಲ್ಲ. ಮದುವೆಯಲ್ಲಿ ಮುಗಿಯದ, ನಾಯಕಿಯ ನಿರಾಕರಣೆಯಲ್ಲಿ ಮುಗಿಯುವ ಪ್ರೇಮಕಥೆ ಇದು. ‘ಶರಪಂಜರ’ವು ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಗೃಹಿಣಿಯನ್ನು ಸುತ್ತಲಿನವರು ನಡೆಸಿಕೊಳ್ಳುವ ರೀತಿಯನ್ನು ನಿರೂಪಿಸುತ್ತದೆ. ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯು ವೇಶ್ಯಾಕುಲದಲ್ಲಿ ಹುಟ್ಟಿ ಓದು ಮತ್ತು ಗೌರವದ ದಾಂಪತ್ಯವನ್ನು ಬಯಸಿದ ಹುಡುಗಿಯ ಕಥೆ. ಈ ಮೂರೂ ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಚಿತ್ರಗಳನ್ನಾಗಿಸಿದರು.

ಮುಂದೆ ಅನುಪಮಾ ನಿರಂಜನ, ವಾಣಿ, ಉಷಾ ನವರತ್ನರಾಮ್, ಸಾಯಿಸುತೆ, ಎಚ್. ಜಿ. ರಾಧಾದೇವಿ ಮೊದಲಾದವರು ವ್ಯಾಪಕವಾಗಿ ಓದಿಸಿಕೊಂಡರು. ಉಷಾ ನವರತ್ನರಾಮ್ ಅವರ ‘ಹೊಂಬಿಸಿಲು’ ಮತ್ತು ‘ಬಂಧನ’ ಕ್ರಮವಾಗಿ 1978 ಹಾಗೂ 1984ರಲ್ಲಿ ಚಲನಚಿತ್ರಗಳಾದವು. ತೆಲುಗಿನಿಂದ ಅನುವಾದಗೊಂಡ ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿಗಳೂ ತರುಣರಲ್ಲಿ ಜನಪ್ರಿಯವಾದವು. ಅವುಗಳಲ್ಲಿ ‘ಬೆಳದಿಂಗಳ ಬಾಲೆ’ 1995ರಲ್ಲಿ ಕನ್ನಡ ಚಿತ್ರವಾಯಿತು.

ಓದುಗರನ್ನು ತಲುಪಿದ ಬಗೆ

ಈ ಕಾದಂಬರಿಗಳು ಮೂರು ದಾರಿಗಳಿಂದ ಓದುಗರನ್ನು ತಲುಪಿದವು. ಮೊದಲನೆಯದು ನಿಯತಕಾಲಿಕೆಗಳು. 1965ರಲ್ಲಿ ಆರಂಭವಾದ ‘ಸುಧಾ’, ಹುಬ್ಬಳ್ಳಿಯ ‘ಕರ್ಮವೀರ’, ‘ಪ್ರಜಾಮತ’, ‘ತರಂಗ’ ಮುಂತಾದ ವಾರಪತ್ರಿಕೆಗಳಲ್ಲಿ ಧಾರಾವಾಹಿಗಳಿಗೆ ಖಾಯಂ ಪುಟಗಳಿದ್ದವು. 1956ರಿಂದ ಪ್ರಕಟವಾಗುತ್ತಿರುವ ‘ಕಸ್ತೂರಿ’ ಮಾಸಿಕದ ಪುಸ್ತಕ ವಿಭಾಗವು ಇಡೀ ಕೃತಿಯೊಂದರ ಸಂಗ್ರಹವನ್ನು ನೀಡುತ್ತಿತ್ತು. ಒಂದು ಸಂಚಿಕೆ ಹಲವು ಮನೆಗಳನ್ನು ಸುತ್ತುತ್ತಿದ್ದುದರಿಂದ ಓದುಗರ ಸಂಖ್ಯೆ ಮಾರಾಟದ ಸಂಖ್ಯೆಗಿಂತ ಬಹಳ ಹೆಚ್ಚಾಗಿರುತ್ತಿತ್ತು.

ಎರಡನೆಯದು ಖಾಸಗಿ ವಾಚನಾಲಯಗಳು. ಸಣ್ಣ ಠೇವಣಿ ಇಟ್ಟು ದಿನಬಾಡಿಗೆಗೆ ಕಾದಂಬರಿ ಒಯ್ಯುವ ಈ ವ್ಯವಸ್ಥೆಯಲ್ಲಿ ಓದುಗರ ರುಚಿಯನ್ನು ಅರಿತು ಪುಸ್ತಕ ತೆಗೆದುಕೊಡುವವನು ವಾಚನಾಲಯದ ಮಾಲೀಕನೇ ಆಗಿರುತ್ತಿದ್ದನು. ಮೂರನೆಯದು ಸಾರ್ವಜನಿಕ ಗ್ರಂಥಾಲಯಗಳು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಅನಂತರ ತಾಲ್ಲೂಕು ಕೇಂದ್ರಗಳಿಗೂ, ಕ್ರಮೇಣ ಗ್ರಾಮಗಳಿಗೂ ಗ್ರಂಥಾಲಯ ಸೇವೆ ವಿಸ್ತರಿಸಿತು.

ವಿಮರ್ಶೆ ಮತ್ತು ಆಕ್ಷೇಪಗಳು

ಈ ಕಾದಂಬರಿಗಳ ಬಗ್ಗೆ ಎರಡು ಕಡೆಗಳಿಂದ ಆಕ್ಷೇಪ ಬಂದಿದೆ. ಹಿರಿಯರು ಇವು ಹುಡುಗ–ಹುಡುಗಿಯರ ಮನಸ್ಸನ್ನು ಕೆಡಿಸುತ್ತವೆ, ಪಾಠದಿಂದ ದೂರ ಒಯ್ಯುತ್ತವೆ ಎಂದು ಭಾವಿಸಿದರು. ಪಠ್ಯಪುಸ್ತಕದ ನಡುವೆ ಕಾದಂಬರಿಯನ್ನು ಮರೆಮಾಡಿ ಓದುವ ರೂಢಿ ಇದರ ಫಲ. ಸಾಹಿತ್ಯ ವಲಯದಲ್ಲಿ ಮಹಿಳೆಯರ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಹಗುರವಾಗಿ ಕಾಣುವ ಮಾತು ಚಾಲ್ತಿಯಲ್ಲಿತ್ತು. ಸ್ತ್ರೀವಾದಿ ವಿಮರ್ಶೆಯು ಈ ಧೋರಣೆಯನ್ನು ಪ್ರಶ್ನಿಸಿ, ಮನೆಯೊಳಗಿನ ಬದುಕೂ ಸಾಹಿತ್ಯದ ಗಂಭೀರ ವಸ್ತುವೇ ಎಂದು ಪ್ರತಿಪಾದಿಸಿತು.

ಆಕ್ಷೇಪಗಳಲ್ಲಿ ತಿರುಳಿಲ್ಲವೆಂದಲ್ಲ. ಹೆಣ್ಣಿನ ಸಹನೆ ಮತ್ತು ತ್ಯಾಗಗಳನ್ನೇ ಆದರ್ಶವಾಗಿ ಮೆರೆಸುವ, ಜಾತಿ–ವರ್ಗಗಳ ತೊಡಕನ್ನು ಬದಿಗಿಡುವ, ಬೆನ್ನಟ್ಟಿ ಕಾಡುವುದನ್ನು ಪ್ರೀತಿಯೆಂದು ಬಿಂಬಿಸುವ ಕೃತಿಗಳು ಈ ಪ್ರಕಾರದಲ್ಲಿ ಸಾಕಷ್ಟಿವೆ. ಆದರೆ ತನ್ನ ಮದುವೆಯ ಮಾತು ನಡೆಯುವಾಗ ಬಾಯಿ ತೆರೆಯಲು ಅವಕಾಶವಿಲ್ಲದ ಹುಡುಗಿಗೆ, ಒಲ್ಲೆನೆಂದು ಹೇಳಿದ ಹೆಣ್ಣೊಬ್ಬಳ ಕಥೆ ದೊರೆತದ್ದೂ ಇದೇ ಕಪಾಟಿನಲ್ಲಿ. ಓದುವುದನ್ನು ಒಟ್ಟಾರೆ ತಡೆದರೆ ‘ಬೆಳ್ಳಿಮೋಡ’ವೂ ಅವಳ ಕೈಗೆ ಬರುವುದಿಲ್ಲ.

ತರುಣರಿಗೆ ಪುಸ್ತಕ ಸೂಚಿಸುವುದು

ಅಮೆರಿಕದ ಗ್ರಂಥಾಲಯ ಸಂಘವು ಹದಿಹರೆಯದ ಓದುಗರ ಸೇವೆಗೆಂದು 1957ರಲ್ಲಿ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿತು. ಭಾರತದಲ್ಲಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಪ್ರತಿ ಓದುಗನಿಗೆ ತಕ್ಕ ಪುಸ್ತಕ, ಪ್ರತಿ ಪುಸ್ತಕಕ್ಕೆ ತಕ್ಕ ಓದುಗ ಎಂಬ ತತ್ತ್ವವನ್ನು ಒಳಗೊಂಡಿವೆ. ಈ ತತ್ತ್ವದಂತೆ, ಒಳ್ಳೆಯ ಪುಸ್ತಕ ಯಾವುದು ಎಂಬುದಕ್ಕಿಂತ ಈ ಓದುಗನಿಗೆ ಈಗ ಹೊಂದುವ ಪುಸ್ತಕ ಯಾವುದು ಎಂಬುದು ಮುಖ್ಯವಾಗುತ್ತದೆ.

ಕನ್ನಡದ ಸಂದರ್ಭದಲ್ಲಿ ಇದಕ್ಕೆ ಅನುಕೂಲವಾದ ಕೆಲವು ಕ್ರಮಗಳಿವೆ:

• ನೋಡಿದ ಚಲನಚಿತ್ರದಿಂದ ಮೂಲ ಕಾದಂಬರಿಗೆ ಕರೆತರುವುದು. ಕಥೆ ಮೊದಲೇ ತಿಳಿದಿರುವುದರಿಂದ ಹೊಸ ಓದುಗರಿಗೆ ಭಾಷೆಯ ಭಾರ ಕಡಿಮೆಯಾಗುತ್ತದೆ.

• ಮೆಚ್ಚಿದ ಅಂಶವನ್ನು ಕೇಳಿ ತಿಳಿಯುವುದು. ಕೂಡುಕುಟುಂಬದ ಕಥೆ ಹಿಡಿಸಿದವರಿಗೆ ಪುರಾಣಿಕರು, ಮನಸ್ಸಿನ ಒಳತೋಟಿ ಹಿಡಿಸಿದವರಿಗೆ ತ್ರಿವೇಣಿ, ಮಲೆನಾಡಿನ ಪರಿಸರ ಬಯಸುವವರಿಗೆ ಎಂ. ಕೆ. ಇಂದಿರಾ ಹತ್ತಿರವಾಗುತ್ತಾರೆ.

• ಕಾಲದ ಅಂತರವನ್ನು ವಿವರಿಸುವುದು. ಹುಡುಗಿಯರ ಕನಿಷ್ಠ ವಿವಾಹ ವಯಸ್ಸು 18ಕ್ಕೆ ಏರಿದ್ದು 1978ರಲ್ಲಿ. 1949ರಿಂದ ಅಲ್ಲಿಯವರೆಗೆ ಅದು 15 ಆಗಿತ್ತು. ಹಳೆಯ ಕಾದಂಬರಿಗಳಲ್ಲಿ ನಾಯಕಿಯ ಮದುವೆ ಎಳೆಯ ವಯಸ್ಸಿನಲ್ಲಿ ನಡೆದರೆ ಅದನ್ನು ಆ ಕಾಲದ ಚಿತ್ರವೆಂದು ತಿಳಿಸಬೇಕಾಗುತ್ತದೆ.

• ಒಂದೇ ಬಗೆಯ ಓದಿನಲ್ಲಿ ನಿಲ್ಲದಂತೆ ಮುಂದಿನ ಮೆಟ್ಟಿಲನ್ನು ತೋರುವುದು. ‘ಗೆಜ್ಜೆಪೂಜೆ’ ಓದಿದವರಿಗೆ ಅದೇ ಲೇಖಕಿಯ ‘ಫಣಿಯಮ್ಮ’ ಸಹಜವಾದ ಮುಂದಿನ ಹೆಜ್ಜೆ.

• ಅಂತ್ಯವನ್ನು ಮೊದಲೇ ಹೇಳದಿರುವುದು, ಓದಿದ ಮೇಲೆ ಪರೀಕ್ಷೆಯಂತೆ ಪ್ರಶ್ನಿಸದಿರುವುದು.

ಇತ್ತೀಚಿನ ಸ್ಥಿತಿ

ದೂರದರ್ಶನ ಧಾರಾವಾಹಿಗಳು ಹಾಗೂ ಮೊಬೈಲ್ ಫೋನಿನ ಪ್ರಸಾರದೊಂದಿಗೆ ಬಾಡಿಗೆ ವಾಚನಾಲಯಗಳು ಬಹುಮಟ್ಟಿಗೆ ಮರೆಯಾಗಿವೆ. 2014ರಲ್ಲಿ ಆರಂಭವಾದ ‘ಪ್ರತಿಲಿಪಿ’ಯಂತಹ ಜಾಲತಾಣಗಳಲ್ಲಿ ಪ್ರೇಮಕಥೆಗಳು ಕಂತುಕಂತಾಗಿ ಪ್ರಕಟವಾಗುತ್ತಿದ್ದು, ವಾರಪತ್ರಿಕೆಯ ಧಾರಾವಾಹಿಯ ಓದು ಬೇರೊಂದು ರೂಪದಲ್ಲಿ ಮುಂದುವರಿದಿದೆ. ಅಲ್ಲಿ ಓದುಗರೇ ಬರಹಗಾರರಾಗುತ್ತಿರುವುದು ಹೊಸ ಬೆಳವಣಿಗೆ. ತ್ರಿವೇಣಿಯವರ ಕಾದಂಬರಿಗಳು ಮರುಮುದ್ರಣಗೊಳ್ಳುತ್ತಲೇ ಇವೆ. ಚಿತ್ರಗಳ ಮೂಲಕ ಪುರಾಣಿಕರ ಕಥೆಗಳನ್ನು ಬಲ್ಲವರು ಇಂದಿಗೂ ಅನೇಕರಿದ್ದಾರೆ. ಅವರನ್ನು ಮೂಲ ಕಾದಂಬರಿಗಳತ್ತ ಕರೆತರಲು ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕವಿರಬೇಕು, ಅದನ್ನು ತೆಗೆದು ಕೈಗಿಡುವವರೊಬ್ಬರೂ ಇರಬೇಕು.