ಡಿಪಿಯಲ್ಲಿ ದಾಸವಾಳ: ಪ್ರೈವಸಿ ಸೆಟ್ಟಿಂಗ್‌ಗಳಿಗೂ ಒಂದು ಇತಿಹಾಸವಿದೆ

ಅಲ್ಲಾಳಸಂದ್ರದ ನಮ್ಮ ಬೀದಿಗೊಂದು ವಾಟ್ಸಾಪ್ ಗ್ರೂಪ್ ಇದೆ. ನೀರು ಯಾವಾಗ ಬಿಡ್ತಾರೆ, ಕಸದ ಗಾಡಿ ಬಂತಾ, ಬಾಡಿಗೆಗೆ ಮನೆ ಇದೆಯಾ ಎಂಬ ಮಾತೇ ಅಲ್ಲಿ ಹೆಚ್ಚು. ಒಮ್ಮೆ ಸುಮ್ಮನೆ ಅದರ ಸದಸ್ಯರ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದೆ. ಗಂಡಸರ ಡಿಪಿಯಲ್ಲಿ ಅವರವರ ಮುಖ. ಹೆಂಗಸರ ಡಿಪಿಯಲ್ಲಿ ದಾಸವಾಳ, ರಂಗೋಲಿ, ರಾಯರು, ತಿರುಪತಿ ತಿಮ್ಮಪ್ಪ. ಯಾಕೆ ಹೀಗೆ ಎಂದು ಕೆಳಗಿನ ಮನೆಯ ಆಂಟಿಯನ್ನು ಕೇಳಿದೆ. "ಯಾರ್ಯಾರೋ ಇರೋ ಗ್ರೂಪು ಕಣಪ್ಪ, ನಮ್ಮ ಮುಖ ಅವರಿಗ್ಯಾಕೆ?" ಎಂದರು. ಪಿಯುಸಿ ಓದುವ ಅವರ ಮಗಳಿಗೆ ಇನ್‌ಸ್ಟಾಗ್ರಾಂ ಬೇಕು. ಅವಳಪ್ಪ ಒಪ್ಪುತ್ತಿಲ್ಲ. "ಸೆಟ್ಟಿಂಗಲ್ಲಿ ಏನೋ ಮಾಡಬಹುದಂತಲ್ಲ, ಸ್ವಲ್ಪ ಹೇಳಿಕೊಡು" ಎಂದು ಫೋನ್ ಕೈಗಿಟ್ಟರು.

ಹೇಳಿಕೊಡಲು ಕೂತಾಗ ಒಂದು ಸಂಗತಿ ಗಮನಕ್ಕೆ ಬಂತು. ಆ ಪುಟದಲ್ಲಿರುವ ಒಂದೊಂದು ಆಯ್ಕೆಗೂ ಹುಟ್ಟಿದ ವರ್ಷವಿದೆ. ಮೊದಲ ದಿನದಿಂದಲೇ ಇದ್ದದ್ದು ಬಹಳ ಕಡಿಮೆ. ಬಹುತೇಕ ಆಯ್ಕೆಗಳು ಬಂದದ್ದು ಯಾರೋ ಪೆಟ್ಟು ತಿಂದ ಮೇಲೆ, ಯಾರೋ ಪ್ರಶ್ನೆ ಕೇಳಿದ ಮೇಲೆ.

ಗುಟ್ಟು ಕಾಪಾಡುವುದು ನಮ್ಮವರಿಗೆ ಹೊಸದಲ್ಲ. ನಮ್ಮ ದೇಶಕ್ಕೆ ಪೋಸ್ಟ್ ಕಾರ್ಡ್ ಬಂದದ್ದು 1879ರಲ್ಲಿ. ಕಾರ್ಡಿನಲ್ಲಿ ಬರೆದದ್ದನ್ನು ಅಂಚೆಯಣ್ಣ ಓದುತ್ತಾನೆ, ಓದು ಬಾರದ ಮನೆಯಲ್ಲಿ ಅವನೇ ಓದಿ ಹೇಳುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಕ್ಷೇಮ ಸಮಾಚಾರಕ್ಕೆ ಕಾರ್ಡು, ಹೆಣ್ಣು ನೋಡುವ ವಿಷಯಕ್ಕೆ, ಸಾಲದ ವಿಷಯಕ್ಕೆ ಅಂಟಿಸಿದ ಇನ್‌ಲ್ಯಾಂಡ್ ಲೆಟರ್. ಯಾವುದರಲ್ಲಿ ಏನು ಬರೆಯಬೇಕೆಂಬ ತಿಳಿವಳಿಕೆಯೇ ಆ ಕಾಲದ ಪ್ರೈವಸಿ ಸೆಟ್ಟಿಂಗ್.

ಅಲ್ಲಾಳಸಂದ್ರವೂ ಅಂಥದ್ದೇ ಊರಾಗಿತ್ತು. 'ಸಂದ್ರ' ಎಂದರೆ ಸಮುದ್ರ, ಅಂದರೆ ಕೆರೆ. ಕೆರೆ, ಅದರ ಸುತ್ತ ಹೊಲ, ಹತ್ತಿರದಲ್ಲೇ ಜಿಕೆವಿಕೆ. ಊರಿನಲ್ಲಿ ಯಾರ ಮನೆಯ ವಿಷಯವೂ ಗುಟ್ಟಾಗಿರುತ್ತಿರಲಿಲ್ಲ ನಿಜ. ಆದರೆ ನಮ್ಮ ವಿಷಯ ಯಾರಿಗೆ ಗೊತ್ತಿದೆಯೋ ಅವರ ವಿಷಯ ನಮಗೂ ಗೊತ್ತಿರುತ್ತಿತ್ತು. ಲೇಔಟ್‌ಗಳು ಎದ್ದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಬಳ್ಳಾರಿ ರಸ್ತೆ ಏರ್‌ಪೋರ್ಟ್ ರಸ್ತೆಯಾಯಿತು. ನಮ್ಮಂಥ ಬಾಡಿಗೆಯವರು ತುಂಬಿಕೊಂಡೆವು. ಈಗ ಗ್ರೂಪಿನಲ್ಲಿರುವ ಅರ್ಧ ಜನ ನಮ್ಮ ನಂಬರ್ ಬಲ್ಲರು, ನಾವು ಅವರನ್ನು ಅರಿಯೆವು. ಹಳ್ಳಿಯ ಬಯಲಿಗೂ ಫೋನಿನ ಬಯಲಿಗೂ ಇರುವ ವ್ಯತ್ಯಾಸ ಇದೇ.

ಈ ಬಯಲಿನ ಮಾಲೀಕರು ಕಂಪನಿಗಳು. ನಾವು ಏನನ್ನೂ ಮುಟ್ಟದಿದ್ದರೆ ಇರುವ ಸ್ಥಿತಿಗೆ 'ಡಿಫಾಲ್ಟ್' ಎನ್ನುತ್ತಾರೆ. ಇತಿಹಾಸದುದ್ದಕ್ಕೂ ಜಗಳ ನಡೆದಿರುವುದು ಇದರ ಮೇಲೆಯೇ. 2009ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಸೆಟ್ಟಿಂಗ್‌ಗಳನ್ನು ಬದಲಿಸಿ, ಜನ ಗುಟ್ಟಾಗಿ ಇಟ್ಟುಕೊಂಡಿದ್ದ ಸ್ನೇಹಿತರ ಪಟ್ಟಿಯಂಥ ವಿವರಗಳನ್ನು ಬಯಲಿಗಿಟ್ಟಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಹಿಡಿದುಕೊಂಡು, 2011ರಲ್ಲಿ ಕಂಪನಿಯನ್ನು ರಾಜಿಗೆ ತಂದಿತು.

2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಹೊರಬಿತ್ತು. ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದ ಪ್ರಕಾರ, ಭಾರತದಲ್ಲಿ ಆ ರಸಪ್ರಶ್ನೆಯ ಆ್ಯಪ್ ಹಾಕಿಕೊಂಡವರು 335 ಜನ. ಮಾಹಿತಿ ಸೋರಿರಬಹುದಾದವರು 5,62,455 ಜನ. 335 ಜನರ ಸ್ನೇಹಿತರಾಗಿದ್ದೇ ಉಳಿದವರ ತಪ್ಪು! "ನಾನು ಹುಷಾರಾಗಿದ್ದೇನೆ, ನನಗೇನೂ ಆಗಲ್ಲ" ಎನ್ನುವವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಇಷ್ಟಕ್ಕೂ ಖಾಸಗಿತನ ನಮ್ಮ ಹಕ್ಕೇ? ಈ ಪ್ರಶ್ನೆಗೆ ಉತ್ತರ ತಂದುಕೊಟ್ಟವರು ನಮ್ಮ ಪಕ್ಕದ ಕೋಲಾರ ಸೀಮೆಯವರು. ಅಲ್ಲಿನ ಹಳ್ಳಿಯೊಂದರಲ್ಲಿ 1926ರಲ್ಲಿ ಹುಟ್ಟಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ 1986ರಲ್ಲಿ ನಿವೃತ್ತರಾದವರು. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಸಂವಿಧಾನ ಹೇಳಿಲ್ಲ ಎಂಬುದು 2015ರಲ್ಲಿ ಕೇಂದ್ರ ಸರ್ಕಾರದ ವಾದ. 1950, 60ರ ದಶಕದ ಎರಡು ಹಳೆಯ ತೀರ್ಪುಗಳು ಅದರ ಬೆನ್ನಿಗಿದ್ದವು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಆ ಪೀಠದಲ್ಲಿ ಮೂಡುಬಿದಿರೆ ಕಡೆಯ ಎಸ್. ಅಬ್ದುಲ್ ನಝೀರ್ ಕೂಡ ಇದ್ದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಕಾನೂನು ಪುಸ್ತಕಗಳಲ್ಲಿ ಅವರ ಹೆಸರು ಈಗ ಒಂದು ಹಕ್ಕಿನ ಹೆಸರು.

ಹಕ್ಕು ಸಿಕ್ಕಿತು ಎಂದ ಮಾತ್ರಕ್ಕೆ ಫೋನು ಬದಲಾಗಲಿಲ್ಲ. ಮರುವರ್ಷವೇ ನಮ್ಮ ರಾಜ್ಯ ಅದರ ಬೆಲೆ ತೆತ್ತಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿಗೆ 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕ ಬಲಿಯಾದ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ದೇಶದ ಬೇರೆ ಕಡೆಯೂ ಇಂಥ ಸಾವುಗಳಾದವು. ಆ ಜುಲೈನಲ್ಲೇ ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕಿತು. ನಮ್ಮನ್ನು ಯಾರು ಗ್ರೂಪಿಗೆ ಸೇರಿಸಬಹುದು ಎಂದು ನಾವೇ ತೀರ್ಮಾನಿಸುವ ಆಯ್ಕೆ ಬಂದದ್ದು 2019ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ. ಅದು ಬಂದಾಗಲೂ ಡಿಫಾಲ್ಟ್ 'ಎವರಿಒನ್' ಎಂದೇ ಇತ್ತು. ಯಾರು ಬೇಕಾದರೂ ಎಳೆದು ಸೇರಿಸಬಹುದು, ಬೇಡವೆಂದರೆ ನೀವೇ ಹೋಗಿ ಬದಲಿಸಿಕೊಳ್ಳಿ ಎಂದು.

ಇನ್ನು ದಾಸವಾಳದ ವಿಷಯ. 2017ರ ಜೂನ್‌ನಲ್ಲಿ ಫೇಸ್‌ಬುಕ್ ಭಾರತದಲ್ಲಿ ಪ್ರೊಫೈಲ್ ಚಿತ್ರಕ್ಕೆ ಕಾವಲಿಡುವ ಆಯ್ಕೆ ತಂದಿತು. ಚಿತ್ರದ ಸುತ್ತ ನೀಲಿ ಅಂಚು, ಕೆಳಗೊಂದು ಗುರಾಣಿ. ಇಲ್ಲಿನ ಹೆಂಗಸರು ದುರುಪಯೋಗದ ಭಯದಿಂದ ಮುಖದ ಚಿತ್ರವನ್ನೇ ಹಾಕುತ್ತಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. 2020ರ ಮೇನಲ್ಲಿ ಇಡೀ ಪ್ರೊಫೈಲನ್ನೇ ಲಾಕ್ ಮಾಡುವ ಆಯ್ಕೆ ಬಂತು. ನಮ್ಮ ಬೀದಿಯ ಆಂಟಿಯರು ದಾಸವಾಳ ಹಾಕಿ ಹೇಳಿದ್ದನ್ನು ಕಂಪನಿ ತಡವಾಗಿ ಕೇಳಿಸಿಕೊಂಡಿತ್ತು.

ಇದು ಬರೀ ಮುಜುಗರದ ಪ್ರಶ್ನೆಯಲ್ಲ. ನಮ್ಮೂರ ಕಡೆ ಒಬ್ಬ ಹುಡುಗಿಯ ಡಿಪಿ ಕದ್ದು ಯಾರೋ ನಕಲಿ ಖಾತೆ ತೆರೆದರು. ತಪ್ಪು ಕದ್ದವನದ್ದು. ಫೋನ್ ಕಿತ್ತುಕೊಂಡದ್ದು ಅವಳಿಂದ, ಕಾಲೇಜು ತಪ್ಪಿದ್ದೂ ಅವಳಿಗೇ. ಠಾಣೆಗೆ ಮಾತ್ರ ಯಾರೂ ಹೋಗಲಿಲ್ಲ. ಬೇರೆಯವರ ಗುರುತು ಕದಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಅಡಿ ಮೂರು ವರ್ಷದವರೆಗೆ ಜೈಲಾಗುವ ಅಪರಾಧ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲೇ ಬೆಂಗಳೂರಿನಲ್ಲಿ ಶುರುವಾಗಿತ್ತು. ಈಗ ಜಿಲ್ಲೆಗಳಲ್ಲಿ ಸೆನ್ ಠಾಣೆಗಳಿವೆ, ಹಣ ಕಳೆದುಕೊಂಡವರಿಗೆ 1930 ಸಹಾಯವಾಣಿ ಇದೆ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಮ್ಮ ಒಪ್ಪಿಗೆ ಕೇಳುವ ನೋಟಿಸನ್ನು ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ ಓದುವ ಅವಕಾಶ ಕೊಡಬೇಕು ಎಂದು ಅದು ಹೇಳುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಅದೇ ವರ್ಷದ ಫೆಬ್ರುವರಿಯಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ಹದಿಹರೆಯದವರ ಖಾತೆಗಳನ್ನು ತಂದಿತು. ಅವು ಶುರುವಿನಲ್ಲೇ 'ಪ್ರೈವೇಟ್'. ಹದಿನಾರು ತುಂಬದವರು ಅದನ್ನು ಸಡಿಲಿಸಬೇಕೆಂದರೆ ಮನೆಯವರ ಒಪ್ಪಿಗೆ ಬೇಕು. ಇಷ್ಟು ವರ್ಷ ನಾವೇ ಹುಡುಕಿ ಹಾಕಿಕೊಳ್ಳಬೇಕಿದ್ದ ಚಿಲಕ ಮಕ್ಕಳ ಮಟ್ಟಿಗಾದರೂ ಮೊದಲೇ ಹಾಕಿಕೊಂಡು ಬಂತು.

ಆ ಸಂಜೆ ಆಂಟಿಯ ಫೋನಿನಲ್ಲಿ ನಾವು ಮಾಡಿದ್ದು ನಾಲ್ಕೇ ಕೆಲಸ. ವಾಟ್ಸಾಪ್ ಪ್ರೈವಸಿಯಲ್ಲಿ ಪ್ರೊಫೈಲ್ ಫೋಟೋ 'ಮೈ ಕಾಂಟ್ಯಾಕ್ಟ್ಸ್' ಮಾಡಿದೆವು. ಗ್ರೂಪಿಗೆ ಸೇರಿಸುವುದನ್ನೂ ಹಾಗೇ ಮಾಡಿದೆವು. ಟೂ ಸ್ಟೆಪ್ ವೆರಿಫಿಕೇಶನ್‌ಗೆ ಆರಂಕಿಯ ಪಿನ್ ಇಟ್ಟೆವು. 'ಲಿಂಕ್ಡ್ ಡಿವೈಸಸ್' ತೆರೆದು ಬೇರೆ ಕಂಪ್ಯೂಟರಿನಲ್ಲಿ ಅವರ ಖಾತೆ ತೆರೆದಿಲ್ಲ ಎಂದು ನೋಡಿಕೊಂಡೆವು. ಹತ್ತು ನಿಮಿಷದ ಕೆಲಸ. ಮಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ತನ್ನ ಖಾತೆಯನ್ನು ತಾನೇ ಹೊಂದಿಸಿ ಅಪ್ಪನಿಗೆ ತೋರಿಸುತ್ತೇನೆ ಎಂದಳು.

ಮರುದಿನ ಬೆಳಿಗ್ಗೆ ನೋಡಿದರೆ ಆಂಟಿಯ ಡಿಪಿಯಲ್ಲಿ ದಾಸವಾಳ ಇರಲಿಲ್ಲ. ಯಾವುದೋ ಮದುವೆಯಲ್ಲಿ ತೆಗೆಸಿಕೊಂಡ ಅವರದೇ ಫೋಟೋ ಇತ್ತು. ನನಗೆ ಕಂಡದ್ದು ನನ್ನ ನಂಬರ್ ಅವರ ಫೋನಿನಲ್ಲಿರುವುದರಿಂದ. ಗ್ರೂಪಿನ ಉಳಿದವರಲ್ಲಿ ಯಾರಿಗೆ ಕಾಣಬೇಕು ಎಂಬುದು ಇನ್ನು ಅವರ ಕೈಯಲ್ಲಿದೆ.